ಸೀಸದ ಕಪ್ತಾನನ ಮುಖದ ಉಪ್ಪು

ಕಪ್ತಾನ ನನ್ನ ಅಂಗಡಿಗೆ ಬಂದದ್ದು ಬೆಂಕಿಪೆಟ್ಟಿಗೆಯೊಳಗೆ, ಹತ್ತಿಯಲ್ಲಿ ಸುತ್ತಿಕೊಂಡು. ಮಧ್ಯಾಹ್ನ ಕರೆಂಟು ಹೋಗಿತ್ತು. ಗೋಪಾಲಪಟ್ನಂನ ನನ್ನ ಬೋರ್ಡು ಬರೆಯುವ ಅಂಗಡಿಯಲ್ಲಿ, ಬೆವರು ಅಕ್ಷರದ ಮೇಲೆ ಬೀಳದಂತೆ ಹಣೆಗೆ ಟವೆಲು ಕಟ್ಟಿಕೊಂಡು, ರಸಗೊಬ್ಬರದ ಅಂಗಡಿಯೊಂದರ ಹೆಸರಿಗೆ ನೆರಳು ಕೊಡುತ್ತ ಕೂತಿದ್ದೆ. ನಲವತ್ತು ದಾಟಿದ ಹೆಂಗಸೊಬ್ಬರು ಬಾಗಿಲಲ್ಲಿ ನಿಂತು, "ಕೊಪ್ಪಳದ ಕಡಿ ಗೊಂಬಿ ಬರಿಯೋ ಮನಿಯವರು ನೀವ ಅಲ್ಲ?" ಎಂದರು. ವಿಶಾಖಪಟ್ಟಣದಲ್ಲಿ ಕನ್ನಡ ಕಿವಿಗೆ ಬಿದ್ದರೆ ನನಗೆ ಮೊದಲು ಸಂತೋಷ, ಮರುಕ್ಷಣ ಗುಮಾನಿ. ನಮ್ಮವರು ಅಂದಮೇಲೆ ಕೆಲಸ ನಾಳೆಯೇ ಆಗಬೇಕು ಅನ್ನುತ್ತಾರೆ.

ಇವರಿಗೆ ಅವಸರವಿರಲಿಲ್ಲ. ಬೆಂಕಿಪೆಟ್ಟಿಗೆ ತೆರೆದು ಗೊಂಬೆಯನ್ನು ನನ್ನ ಅಂಗೈಗೆ ಹಾಕಿದರು. ಹೆಬ್ಬೆರಳಿನ ಮೊದಲ ಗಿಣ್ಣಿನಷ್ಟು ಎತ್ತರ, ಬರೀ ಸೀಸ. ಬೆಲ್ಟಿನ ಮೇಲೆ ಜೋತ ಹೊಟ್ಟೆ, ಒಂದು ಕಾಲು ಮರದ್ದು, ಎಡಗೈಯಲ್ಲಿ ಎತ್ತಿ ಹಿಡಿದ ಲಾಂದ್ರ. ಬಾಯಿ ಅರ್ಧ ತೆರೆದಿತ್ತು, ಯಾರನ್ನೋ ಹೆಸರು ಹಿಡಿದು ಕೂಗುವವನ ಬಾಯಿ. ಇಷ್ಟು ಸಣ್ಣ ಆಳಿಗೆ ಇಷ್ಟೊಂದು ಸಿಟ್ಟು, ಇಷ್ಟೊಂದು ಠೀವಿ ಹೇಗೆ ಕೂತಿತೋ ಎಂದು ನನಗೆ ಆಗಲೇ ಹೊಟ್ಟೆಕಿಚ್ಚಾಯಿತು.

ಆಕೆ ಪೆಂಡುರ್ತಿಯಲ್ಲಿ ಇರುತ್ತಿದ್ದರು, ಊರು ಧಾರವಾಡ. ನಾನು ಅಕ್ಕ ಎಂದೇ ಕರೆದೆ. ಅವರ ಗಂಡ ಹದಿನೈದು ವರ್ಷ ನೇವಿಯಲ್ಲಿದ್ದು, ಆಮೇಲೆ ಸರಕು ಹಡಗು ಸೇರಿದವರು. ಪರದೇಶದ ಬಂದರುಗಳಿಂದ ಸೀಸದ ಸಿಪಾಯಿಗಳನ್ನು ತರುವುದು ಅವರ ಹುಚ್ಚು. ಆಟ ಅಂದರೆ, ಮೇಜಿನ ಮೇಲೆ ಮರಳು ಹರಡಿ, ಗುಡ್ಡ ಹೊಳೆ ಮಾಡಿ, ಎರಡು ಸೈನ್ಯ ಎದುರುಬದುರು ನಿಲ್ಲಿಸುವುದು. ಸ್ಕೇಲಿನಿಂದ ಅಳೆದು ನಡೆಸುವುದು, ದಾಳ ಉರುಳಿಸಿ ಯಾರು ಬಿದ್ದರು ಯಾರು ಉಳಿದರು ಎಂದು ತೀರ್ಮಾನಿಸುವುದು. ಎದುರಾಳಿ ವಿಜಯವಾಡದ ಪಟಮಟದಲ್ಲಿದ್ದ ಒಬ್ಬ ನಿವೃತ್ತ ಇತಿಹಾಸದ ಮೇಷ್ಟ್ರು. ಮೇಜು ಅವರ ಮನೆಯಲ್ಲಿ. ಇವರು ಹಡಗಿನಿಂದ ಕಾಗದ ಬರೆದು ತಮ್ಮ ನಡೆ ತಿಳಿಸುತ್ತಿದ್ದರು. ಕಪ್ತಾನ ಇವರ ಸೈನ್ಯದ ದಂಡನಾಯಕ. ಅವನ ಮುಖವನ್ನು ಅರ, ಸೂಜಿ ಹಿಡಿದು ತಾವೇ ತಿದ್ದಿ ತಮ್ಮ ಮುಖ ಮಾಡಿದ್ದರಂತೆ. ಬಣ್ಣವಿಲ್ಲದ ಗೊಂಬೆ ಮೇಜು ಹತ್ತಬಾರದು ಎಂಬುದು ಗೆಳೆಯರಿಬ್ಬರ ಕಟ್ಟುನಿಟ್ಟು.

"ಬಂದ ಮ್ಯಾಲೆ ಬಣ್ಣ ಹಚ್ತೀನಿ ಅಂದು ಹೋದ್ರು," ಎಂದರು ಅಕ್ಕ.

ಹೋಗಿ ಎರಡು ವರ್ಷ ದಾಟಿತ್ತು. ಬಂಗಾಳಕೊಲ್ಲಿ ದಾಟುವಾಗ ಹಡಗಿನ ಸುದ್ದಿ ನಿಂತಿತು. ಹಡಗೂ ಸಿಗಲಿಲ್ಲ, ಜನರೂ ಸಿಗಲಿಲ್ಲ. ಧಾರವಾಡದ ಭಾವ ತಿಂಗಳಿಗೊಂದು ಕಾಗದ ಬರೆಯುತ್ತಿದ್ದರು: ದೇಹ ಸಿಗದಿದ್ದರೆ ದರ್ಭೆಯ ಗೊಂಬೆ ಮಾಡಿ ಸುಟ್ಟು ಕರ್ಮ ಮುಗಿಸಬೇಕು, ಇಲ್ಲದಿದ್ದರೆ ಅವನಿಗೂ ಗತಿಯಿಲ್ಲ, ನಿನಗೂ ನೆಮ್ಮದಿಯಿಲ್ಲ ಎಂದು. ಅಕ್ಕನ ಹಣೆಯಲ್ಲಿ ಕುಂಕುಮ ಇತ್ತು, ಕಾಲಲ್ಲಿ ಉಂಗುರ ಇದ್ದವು.

"ನಾನು ಹೂಂ ಅಂದಿಲ್ಲ, ಊಹೂಂ ಅಂದಿಲ್ಲ. ಅವರು ಸುರು ಮಾಡಿದ್ದು ಇದೊಂದಾದ್ರೂ ಮುಗೀಲಿ. ಬಣ್ಣ ಹಚ್ಚಿ ಕೊಡ್ರಿ, ಮಾಸ್ಟಾರು ಆಟ ಮುಗಸ್ತಾರ. ಆಮ್ಯಾಲ ಹೇಳ್ತೀನಿ." ಜತೆಗೆ ಒಂದು ಕಪ್ಪುಬಿಳುಪು ಫೋಟೋ ಕೊಟ್ಟರು. ಬಿಸಿಲಿಗೆ ಕಣ್ಣು ಕಿರಿದು ಮಾಡಿದ, ದಪ್ಪ ಹುಬ್ಬಿನ ಗಂಡಸು.

ಮೊದಲು ಸೋಪಿನ ನೀರಲ್ಲಿ ತೊಳೆದೆ. ಎರಕದ ಅಚ್ಚು ಕೂಡಿದಲ್ಲಿ ಎದ್ದ ಗೆರೆಯನ್ನು ಸಣ್ಣ ಅರದಿಂದ ಉಜ್ಜಿದೆ. ಔಷಧಿ ಬಾಟಲಿಯ ಬಿರಡೆಗೆ ಮೇಣ ಹಚ್ಚಿ ಅದರ ಮೇಲೆ ನಿಲ್ಲಿಸಿದೆ, ಗೊಂಬೆಗೆ ಕೈ ತಾಕಿಸದೆ ತಿರುಗಿಸಬೇಕಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ಮುಖದ ತುಂಬ ಸೂಜಿಯ ಗೀರು. ಅಕ್ಕನ ಯಜಮಾನರ ಕೈ ಧೈರ್ಯದ್ದು, ಕಸಬಿನದಲ್ಲ. ಕಣ್ಣಿನ ಗುಳಿಗಳು ಬೇರೆ ಆಳವಾಗಿ, ಒರಟಾಗಿದ್ದವು. ಇಂಥ ಒರಟನ್ನು ನುಣುಪು ಮಾಡುವುದಕ್ಕೆ ನಮ್ಮ ಮನೆಯಲ್ಲಿ ಒಂದೇ ದಾರಿ. ಹುಣಸೆ ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಹಾಕಿ, ಅರೆದು, ಕುದಿಸಿ ಗೋಂದು ಮಾಡುವುದು. ಅದಕ್ಕೆ ಸೀಮೆಸುಣ್ಣದ ಪುಡಿ ಕಲಸಿ ಲೇಪ ಕೊಡುವುದು. ನನ್ನ ಬಾಟಲಿಯ ಗೋಂದು ಹಳೆಯದು, ಒಂದಿಷ್ಟು ಹುಳಿವಾಸನೆ ಹೊಡೆಯುತ್ತಿತ್ತು. ನಮ್ಮಜ್ಜ, ಹುಳಿತ ಗೋಂದಿನದೇ ಹಿಡಿತ ಚೆನ್ನ ಅನ್ನುತ್ತಿದ್ದರು. ಅಜ್ಜ ಜನ್ಮದಲ್ಲಿ ಸೀಸ ಮುಟ್ಟಿದವರಲ್ಲ, ಮರ ಮಾತ್ರ. ಅದು ನನಗೆ ಹೊಳೆಯಲೇ ಇಲ್ಲ. ಮುಖಕ್ಕೆ ಮಾತ್ರ ಲೇಪ ಹಚ್ಚಿದೆ. ಉಳಿದ ಮೈಗೆ ಎನಾಮೆಲ್ ಸಾಕಾಯಿತು.

ಕೋಟಿಗೆ ನೀಲಿ, ಮಡಿಕೆಗಳಿಗೆ ಟರ್ಪೆಂಟೈನ್ ಹಾಕಿ ನೀರು ಮಾಡಿದ ಕಪ್ಪು. ಅದು ತಾನಾಗಿ ತಗ್ಗಿಗೆ ಇಳಿದು ನೆರಳಾಗುತ್ತದೆ. ಆಮೇಲೆ ಉಬ್ಬಿದ ಕಡೆಗಳಲ್ಲೆಲ್ಲ ತಿಳಿನೀಲಿಯ ಒಂದೊಂದು ಗೆರೆ. ಲಾಂದ್ರದ ಬೆಳಕು ಎಡಗೆನ್ನೆಗೆ ಬೀಳುವಂತೆ ಹಳದಿ ಸವರಿದೆ. ಮೂರೇ ಕೂದಲಿನ ಅಳಿಲು ಕುಂಚ, ಎರಡು ಉಸಿರಿನ ನಡುವೆ ಒಂದು ಗೆರೆ.

ಕಣ್ಣು ಕೊನೆಗೆ. ಕಣ್ಣು ಬಿಡಿಸುವಾಗ ಮೂರ್ತಿಯ ಎದುರಿಗೆ ಕೂರಬಾರದು, ಮುಂದೆ ಕನ್ನಡಿ ಇಟ್ಟು ಅದರಲ್ಲಿ ನೋಡುತ್ತ ಬರೆಯಬೇಕು, ಮೊದಲ ನೋಟ ಕನ್ನಡಿಗೆ ಬೀಳಲಿ ಎಂದು ನಮ್ಮ ಮನೆಯ ರೂಢಿ. ಯುದ್ಧದಾಟದ ಸಿಪಾಯಿಗೆ ಯಾಕೆ ಬೇಕಿತ್ತೋ, ಕೈ ಅದನ್ನೇ ಬಲ್ಲದು. ಬಿಳಿಯ ಎರಡು ಗೆರೆ ಎಳೆದು, ಮೇಲೆ ಎರಡು ಕಪ್ಪು ಚುಕ್ಕೆ ಇಟ್ಟೆ. ಕನ್ನಡಿಯಲ್ಲಿ ಫೋಟೋದ ಗಂಡಸೇ ನನ್ನ ಹೆಗಲ ಹಿಂದೆ ಏನನ್ನೋ ನೋಡುತ್ತಿದ್ದರು. ತಿರುಗಿ ನೋಡಿದೆ. ಗೋಡೆಗೆ ಒರಗಿಸಿದ ಬೋರ್ಡುಗಳಿದ್ದವು, ಅಷ್ಟೆ. ಹಗಲು ಹನ್ನೊಂದು ಗಂಟೆ, ಹೊರಗೆ ಸಿಂಹಾಚಲಂ ಬಸ್ಸುಗಳು ಹಾರನ್ ಹೊಡೆಯುತ್ತಿದ್ದವು. ಆದರೂ ಕುಂಚ ತೊಳೆಯುವ ಮೊದಲು ಕನ್ನಡಿಯನ್ನು ಬೋರಲು ಹಾಕಿದೆ.

ಆರನೆಯ ದಿನ ಗೊಂಬೆಯ ಕಣ್ಣಿನ ಕೆಳಗೆ ಬಿಳಿಯ ಪುಡಿ ಕಾಣಿಸಿತು.

ವಾರ್ನಿಶ್ ಮೇಲೆ ಕಡಲಗಾಳಿಯ ತೇವ ಕೂತರೆ ಹೀಗೆ ಮಂಜು ಕಟ್ಟುವುದುಂಟು. ನಾನು ಬೈದುಕೊಳ್ಳುತ್ತ ಒರೆಸಲು ಹೊರಟಿದ್ದೆ, ಅಷ್ಟರಲ್ಲಿ ಅಕ್ಕ ಬಂದರು. ಕನ್ನಡಕ ಏರಿಸಿ, ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದರು.

"ಉಪ್ಪು," ಎಂದರು.

"ಉಪ್ಪಲ್ರೀ ಅಕ್ಕಾರ, ವಾರ್ನಿಶ್ ಕೆಟ್ಟೈತಿ."

"ಅವರು ಡೆಕ್ಕಿನ ಮ್ಯಾಲೆ ನಿಂತು ಬಂದ್ರ ಹುಬ್ಬಿನ ಕೆಳಗ ಹಿಂಗ ಕಟ್ಟತಿತ್ತು. ಸೂಟಿಗೆ ಮನಿಗೆ ಬಂದಾಗ ನಾನ ಒರಸ್ತಿದ್ದೆ." ಇಷ್ಟು ಹೇಳಿ, ಇನ್ನೊಮ್ಮೆ ಹಚ್ಚಿ ನೋಡಿ ಎಂದು ಹೊರಟುಹೋದರು.

ಬಣ್ಣ ತೆಗೆದೆ. ಅಡಿಯ ಲೇಪ ಗಟ್ಟಿಯಾಗಿತ್ತು, ಅದನ್ನು ಬಿಟ್ಟೆ. ಅಲ್ಲಲ್ಲಿ ಹೊಸ ಗುಳಿ ಬಿದ್ದಿದ್ದವು. ಅವಕ್ಕೂ ಅದೇ ಲೇಪ ತುಂಬಿದೆ. ಈ ಸಲ ವಾರ್ನಿಶ್ ಹಚ್ಚಲಿಲ್ಲ. ಗಾಜಿನ ಜಾಡಿಯಲ್ಲಿ ಸುಣ್ಣದ ಹರಳು ಹಾಕಿ, ತೇವ ತಾಕದಂತೆ ಮುಚ್ಚಿಟ್ಟೆ. ನಾಲ್ಕೇ ದಿನಕ್ಕೆ ಪುಡಿ ಬಂತು. ಮೂರನೆಯ ಸಲ ತಲೆ ಕೆಟ್ಟು, ಕಣ್ಣನ್ನೇ ಬರೆಯಲಿಲ್ಲ. ಬರೀ ಚರ್ಮದ ಬಣ್ಣ ಬಳಿದು ಕುರುಡನನ್ನಾಗಿ ಮಾಡಿ ಜಾಡಿಯಲ್ಲಿಟ್ಟೆ. ಮೂರನೆಯ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದವನೇ ಜಾಡಿ ನೋಡಿದೆ. ನಾನು ಬರೆಯದೆ ಬಿಟ್ಟ ಜಾಗದಲ್ಲಿ, ಸರಿಯಾಗಿ ಆ ಎರಡು ಗುಳಿಗಳಲ್ಲಿ, ಎರಡು ಬಿಳಿಯ ಕಣ್ಣು ಮೂಡಿದ್ದವು. ತೆರೆದ ಬಾಯಿಯ ಅಂಚಿಗೂ ಬಿಳಿ ಹತ್ತಿತ್ತು. ಬಾಗಿಲು ತೆರೆದಿಟ್ಟೇ ಹೋಗಿ ಎದುರಿನ ಚಾ ಅಂಗಡಿಯಲ್ಲಿ ಕೂತೆ. ಎರಡು ಚಾ ಕುಡಿದು, ಮೂರನೆಯದನ್ನೂ ಹೇಳಿದೆ.

ಆವತ್ತು ಅಕ್ಕ ಬಂದಾಗ ಜಾಡಿಯನ್ನು ಅಡಗಿಸಲೇ ಎಂದುಕೊಂಡೆ. ತೋರಿಸಿದೆ. ಅವರು ಸ್ಟೂಲಿನ ಮೇಲೆ ಕೂತರು. ಅಳಲಿಲ್ಲ.

"ಮೂರು ಸಲ ಆತು. ಇನ್ನ ಒರಸಬ್ಯಾಡ್ರಿ. ಅವರು ನನಗ ಹೇಳ್ಲಿಕ್ಕತ್ತಾರ, ನೀರಾಗ ಇದ್ದೀನಿ, ಸುಮ್ಮನ ದಾರಿ ಕಾಯಬ್ಯಾಡ ಅಂತ." ಸೆರಗಿನಿಂದ ಮುಖ ಒರೆಸಿಕೊಂಡರು. "ಭಾವಗ ಕಾಗದ ಹಾಕ್ತೀನಿ. ಬರೋ ಅಮಾಸಿಗೆ ಕರ್ಮ ಮಾಡೋಣು. ನೀವು ಇದನ್ನ ಮಾಸ್ಟಾರಿಗೆ ಮುಟ್ಟಸ್ರಿ. ಕಣ್ಣು ಹಿಂಗ ಇರ್ಲಿ."

ಅಮಾವಾಸ್ಯೆಗೆ ಹನ್ನೆರಡು ದಿನವಿತ್ತು. ಅವರ ಮುಖದಲ್ಲಿ ನಾನು ಅದುವರೆಗೆ ಕಾಣದ ಒಂದು ಸಮಾಧಾನವಿತ್ತು. ಅದನ್ನು ನೋಡಿ ನನಗೂ ನಂಬಿಕೆ ಬಂತು ಎಂದರೆ ಯಾರೂ ನಗಬೇಡಿ. ಆ ಜಾಡಿಯ ಜತೆ ಒಂದೇ ಕೋಣೆಯಲ್ಲಿ ಕೂತವನಿಗೆ ಗೊತ್ತು.

ಮರುದಿನದ ರೈಲಿಗೆ ವಿಜಯವಾಡಕ್ಕೆ ಹೋದೆ. ಜಾಡಿಯನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ, ಒಮ್ಮೆಯೂ ಬಿಚ್ಚಲಿಲ್ಲ.

ಪಟಮಟದ ಮನೆಯಲ್ಲಿ ಮಾಸ್ಟಾರು ಒಬ್ಬರೇ. ಬಳ್ಳಾರಿಯಲ್ಲಿ ಓದಿದವರಾದ್ದರಿಂದ ಕನ್ನಡ ಮಾತು ಬರುತ್ತಿತ್ತು, ಬರಹ ಮಾತ್ರ ತೆಲುಗಿನದೇ; ಪ್ರತಿ ಮಾತಿನ ಬಾಲಕ್ಕೆ ತೆಲುಗಿನ 'ಅಂಡಿ' ಅಂಟಿಕೊಳ್ಳುತ್ತಿತ್ತು. ನೇರ ಒಳಕೋಣೆಗೆ ಕರೆದೊಯ್ದರು. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ಕತ್ತಲು ಮಾಡಿದ್ದರು. ಕೋಣೆಯ ತುಂಬ ಮೇಜು. ಮರಳು, ಮರದ ಪುಡಿಗೆ ಹಸಿರು ಹಚ್ಚಿ ಮಾಡಿದ ಹುಲ್ಲು, ಗಾಜಿನ ಚೂರಿನ ಹೊಳೆ, ಇಕ್ಕೆಲದಲ್ಲೂ ನೂರಾರು ಆಳು. ಎರಡು ವರ್ಷದಿಂದ ಯಾರೂ ಒಂದು ಹೆಜ್ಜೆ ಇಟ್ಟಿರಲಿಲ್ಲ. ಭಾನುವಾರ ಭಾನುವಾರ ಶೇವಿಂಗ್ ಬ್ರಶ್ಶಿನಿಂದ ಧೂಳು ತೆಗೆಯುತ್ತಾರಂತೆ.

ಬಗ್ಗಿ ನೋಡಿದೆ. ಅಕ್ಕನ ಯಜಮಾನರು ಬಣ್ಣ ಹಚ್ಚಿದ ಸೈನ್ಯದ ಆಳುಗಳೆಲ್ಲ ಕಣ್ಣು ಹೊರಳಿಸಿ ಎಡಕ್ಕೆ ನೋಡುತ್ತಿದ್ದರು. ಎದುರಿನ ವೈರಿಯ ಕಡೆ ಒಬ್ಬನೂ ನೋಡುತ್ತಿರಲಿಲ್ಲ.

"ಎಡಕ್ಕೇನೈತ್ರಿ?" ಎಂದೆ.

"ಕಪ್ತಾನ ನಿಲ್ಲುವ ಜಾಗ ಅಂಡಿ," ಎಂದರು ಮಾಸ್ಟಾರು. ಅಲ್ಲಿ ಮರಳಿನಲ್ಲಿ ಒಂದು ರೂಪಾಯಿಯಗಲ ಖಾಲಿ ಇತ್ತು.

ಜಾಡಿ ಬಿಚ್ಚಿ ಕೊಟ್ಟೆ. ಅಕ್ಕ ಹೇಳಿದ್ದನ್ನೆಲ್ಲ ಹೇಳಿದೆ. ಮಾಸ್ಟಾರು ಗೊಂಬೆಯನ್ನು ಬಾಗಿಲಿನ ಬೆಳಕಿಗೆ ಒಯ್ದು, ಉಗುರಿನಿಂದ ಪುಡಿ ಕೆರೆದು, ಮೂಸಿ ನೋಡಿದರು. ಬಣ್ಣದ ಕೆಳಗೆ ಏನು ಹಚ್ಚಿದ್ದೀರಿ ಎಂದು ಕೇಳಿದರು. ನಾನು ಸ್ವಲ್ಪ ಹೆಮ್ಮೆಯಿಂದಲೇ ಹುಣಸೆ ಬೀಜದ ಲೇಪದ ವಿಷಯ ಹೇಳಿದೆ. ಹಳೆಯ ಗೋಂದು, ಹುಳಿತದ್ದು ಎಂದೂ ಹೇಳಿದೆ.

ಅವರು ನನ್ನ ಮುಖವನ್ನೇ ನೋಡಿದರು. "ಸೀಸಕ್ಕೆ ಹುಳಿ ಮುಟ್ಟಿಸಿದಿರಾ? ಅಯ್ಯೋ ರಾಮ. ನಮ್ಮ ಕಾಲೇಜಿನಲ್ಲಿ ಹಳೆಯ ಸೀಸದ ಮುದ್ರೆಗಳಿದ್ದವು. ಹಸಿ ಮರದ ಡಬ್ಬಿಯಲ್ಲಿ ಇಟ್ಟು ನಾವೇ ಹಾಳು ಮಾಡಿದೆವು. ಮರದ ಹುಳಿ ಗಾಳಿ ಸೋಕಿದ್ದಕ್ಕೇ ಪುಡಿಪುಡಿ ಆದವು. ನೀವು ಸಫೇದಾ ಅಂತೀರಲ್ಲ, ಬಿಳಿ ಬಣ್ಣ, ಅದನ್ನು ಹಿಂದೆ ಹೀಗೇ ಮಾಡುತ್ತಿದ್ದರು ಅಂಡಿ. ಸೀಸಕ್ಕೆ ಹುಳಿ ತೋರಿಸಿ."

ಲೇಪ ಆಳವಾಗಿ ಕೂತದ್ದು ಕಣ್ಣಿನ ಗುಳಿಯಲ್ಲಿ. ಪುಡಿ ಬಂದದ್ದೂ ಅಲ್ಲೇ. ಪ್ರತಿ ಸಲ ನಾನೇ ಇನ್ನಷ್ಟು ತುಂಬಿದ್ದೆ. ನಾನು ಬಿಟ್ಟ ಕಣ್ಣುಗಳನ್ನು ನನ್ನದೇ ಗೋಂದು ಬರೆದಿತ್ತು. ನಾಚಿಕೆಗಿಂತ ಹೆಚ್ಚಾಗಿ ಹೆದರಿಕೆಯಾಯಿತು. ಒಬ್ಬ ಹೆಂಗಸು ಈ ಪುಡಿ ನೋಡಿ ತನ್ನ ಗಂಡ ಸತ್ತನೆಂದು ಒಪ್ಪಿಕೊಂಡಿದ್ದಳು.

"ಆಕೆಗೆ ಹೇಳಬೇಡಿ," ಎಂದರು ಮಾಸ್ಟಾರು, ನಾನು ಕೇಳುವ ಮೊದಲೇ. "ಅವನು ನನಗೂ ಒಬ್ಬನೇ ಗೆಳೆಯ ಅಂಡಿ. ಅವನು ಬರುವುದಿಲ್ಲ. ಎರಡು ವರ್ಷ ಆಕೆ ನಿದ್ದೆ ಮಾಡಿಲ್ಲ. ಈಗ ಏನೋ ಒಂದು ಆಸರೆ ಸಿಕ್ಕಿದೆ, ಹುಣಸೆಯೋ ಉಪ್ಪೋ. ಬಿಟ್ಟುಬಿಡಿ. ನಾನು ಇವತ್ತೇ ಆಟ ಮುಗಿಸುತ್ತೇನೆ."

ಅವರು ಕಪ್ತಾನನನ್ನು ಮೇಜಿನ ಖಾಲಿ ಜಾಗದಲ್ಲಿ ನಿಲ್ಲಿಸಿದರು. ನೂರು ಜೋಡಿ ಕಣ್ಣು ಆ ಪುಡಿಗಣ್ಣಿನವನನ್ನು ನೋಡಿದವು. ಮಾಸ್ಟಾರು ದಾಳ ಕೈಗೆತ್ತಿಕೊಂಡರು. ನಾನು ತಡೆಯಲಾರದೆ ಗೊಂಬೆಯನ್ನು ಎತ್ತಿಕೊಂಡುಬಿಟ್ಟೆ. ಬಣ್ಣ ಸರಿಯಾಗಿಲ್ಲ, ನಿಮ್ಮ ಕಾಯಿದೆ ಪ್ರಕಾರ ಇವನು ಮೇಜು ಹತ್ತುವ ಹಾಗಿಲ್ಲ ಎಂದೆ. ಅವರಿಗೆ ಸಿಟ್ಟು ಬಂತು, ಆದರೆ ದಾಳವನ್ನು ಕೆಳಗಿಟ್ಟರು.

ಯಾಕೆ ಹಾಗೆ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸತ್ಯದ ಮೇಲಿನ ಪ್ರೀತಿ ಎಂದು ಹೇಳಿಕೊಳ್ಳುವುದು ಸುಲಭ. ಅರ್ಧ ಪಾಲು ಕಸಬಿನ ಸೊಕ್ಕು. ನನ್ನ ಕೆಟ್ಟ ಕೆಲಸವನ್ನು ಒಬ್ಬರು ದೇವರ ಮಾತೆಂದು ಹಣೆಗೆ ಒತ್ತಿಕೊಳ್ಳುವುದು ನನಗೆ ಸಹಿಸಲಾಗಲಿಲ್ಲ.

ಅಂಗಡಿಗೆ ಮರಳಿ ಬಂದು, ಗೊಂಬೆಯನ್ನು ಟರ್ಪೆಂಟೈನಿನಲ್ಲಿ ಮುಳುಗಿಸಿ ಬಣ್ಣ ಬಿಡಿಸಿದೆ. ಬಿಸಿನೀರಿಗೆ ಲೇಪ ಮೆತ್ತಗಾಗಿ ಬಂತು. ಕಣ್ಣಿನ ಗುಳಿಯಲ್ಲಿ ಉಳಿದದ್ದನ್ನು ಹೊಲಿಗೆ ಸೂಜಿಯಿಂದ ಚೂರು ಚೂರೇ ಕೆದಕಿದೆ. ಆ ಕೆಲಸ ಮಾಡುವಾಗ ಅವನ ಬಾಯಿ ನೋಡಲಾಗುತ್ತಿರಲಿಲ್ಲ, ಬೆರಳಿನಿಂದ ಮುಚ್ಚಿ ಹಿಡಿದಿದ್ದೆ. ಬೂದು ಸೀಸ ಬರಿದಾಗಿ ಕಂಡಿತು, ಮುಖವೆಲ್ಲ ಸಿಡುಬಿನ ಕಲೆ. ಇರಲಿ ಎಂದು ಆ ಗುಳಿಗಳನ್ನು ಹಾಗೇ ಬಿಟ್ಟೆ. ರೆಡ್ ಆಕ್ಸೈಡ್ ಒಂದು ತೆಳು ಕೈ ಹೊಡೆದು, ಮೇಲೆ ಬಣ್ಣ ಹಚ್ಚಿದೆ. ಕನ್ನಡಿ ಇಟ್ಟು ಕಣ್ಣು ಬಿಡಿಸಿದೆ.

ಮೀನಿನ ಬಲೆಗೆ ಕಟ್ಟುವ ಸೀಸದ ಗುಂಡು ಎರಡು ತಂದೆ. ಒಂದಕ್ಕೆ ಹುಣಸೆಯ ಲೇಪ, ಒಂದಕ್ಕೆ ಬರೀ ಬಣ್ಣ. ಮೂರನ್ನೂ ಸಾಲಾಗಿ ಇಟ್ಟು ಕಾದೆ. ಐದನೆಯ ದಿನ ಲೇಪದ ಗುಂಡು ಬೆಳ್ಳಗೆ ಪುಡಿ ಬಿಟ್ಟಿತು. ಇನ್ನೊಂದು ಹೊಳೆಯುತ್ತಿತ್ತು. ಕಪ್ತಾನನ ಮುಖ ಹಚ್ಚಿದ ಹಾಗೇ ಇತ್ತು.

ಅಮಾವಾಸ್ಯೆಯ ಹಿಂದಿನ ಬೆಳಿಗ್ಗೆ ಮೂರನ್ನೂ ಕಟ್ಟಿಕೊಂಡು ಪೆಂಡುರ್ತಿಗೆ ಹೋದೆ. ಧಾರವಾಡದ ಭಾವ ಬಂದಿದ್ದರು, ಜಗುಲಿಯಲ್ಲಿ ಭಟ್ಟರು ಎಲೆ ಅಡಿಕೆ ಹಾಕುತ್ತಿದ್ದರು. ಅವರ ಪಕ್ಕದಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ದರ್ಭೆಯ ಕಟ್ಟು, ಉದ್ದಕ್ಕೆ ಮಲಗಿಸಿದ್ದು. ಅದರಿಂದ ನಾಳೆ ಆಗಬೇಕಾದ ಗೊಂಬೆಯನ್ನು ನೆನೆದು ನನಗೆ ಅಲ್ಲಿ ಕೂರಲಾಗಲಿಲ್ಲ, ನಿಂತೇ ಮಾತಾಡಿದೆ. ಹಳೆಯ ಗೋಂದು, ನನ್ನ ತಪ್ಪು, ಗುಂಡುಗಳ ಪರೀಕ್ಷೆ, ಮಾಸ್ಟಾರು ಹೇಳಿದ ಸಫೇದಾ, ಒಂದನ್ನೂ ಬಿಡಲಿಲ್ಲ.

"ಅದು ಉಪ್ಪಾಗಿರ್ಲಿಲ್ರೀ ಅಕ್ಕಾರ. ನಂದು ಕೆಲಸ ಕೆಟ್ಟಿತ್ತು. ಅದರಾಗ ಯಾರ ಮಾತೂ ಇರ್ಲಿಲ್ಲ. ಅದನ್ನ ನೋಡಿ ನೀವು ಏನೂ ತೀರ್ಮಾನ ಮಾಡಬ್ಯಾಡ್ರಿ. ಮಾಡೋದಿದ್ರ ಬ್ಯಾರೆ ವಿಚಾರ ಮಾಡಿ ಮಾಡ್ರಿ."

ಭಾವ ನನ್ನನ್ನು ದುರುಗುಟ್ಟಿ ನೋಡಿದರು. ಅಕ್ಕ ಗುಂಡುಗಳ ಕಡೆ ಕಣ್ಣು ಹಾಯಿಸಲಿಲ್ಲ. ಕಪ್ತಾನನನ್ನು ತೆಗೆದುಕೊಂಡು ಅಂಗಳದ ಬಿಸಿಲಿಗೆ ಹೋದರು. ಕಿರುಬೆರಳನ್ನು ಅವನ ಕಣ್ಣಿನ ಕೆಳಗೆ ಸವರಿ, ಬೆರಳು ನೋಡಿದರು. ಇನ್ನೊಂದು ಕಣ್ಣಿನ ಕೆಳಗೆ ಸವರಿದರು.

"ಎಷ್ಟು ದಿನ ಆತು ಬಣ್ಣ ಹಚ್ಚಿ?"

"ಐದು ದಿನ ಆತ್ರಿ."

"ಐದು ದಿನದಾಗ ಬರಲಿಲ್ಲ?"

"ಇನ್ನ ಬರೂದಿಲ್ರೀ."

ಅವರು ಮುಖ ಎತ್ತಿದರು. ನಾನು ಅಳುವನ್ನು ನಿರೀಕ್ಷಿಸಿದ್ದೆ, ಬೈಗುಳಕ್ಕೂ ತಯಾರಾಗಿದ್ದೆ. ಅವರು ನಗುತ್ತಿದ್ದರು.

"ಭಾವಾರ," ಎಂದರು, "ಭಟ್ಟರಿಗೆ ಊಟಕ್ಕ ಹಾಕಿ ಕಳಸೋಣು. ನಾಳೆ ಏನೂ ಬ್ಯಾಡ. ನೋಡ್ರಿ, ಉಪ್ಪು ಹೋಗೇದ. ಅವರು ನೀರು ಬಿಟ್ಟು ದಂಡಿ ಹತ್ತ್ಯಾರ."

ಹುಣಸೆ ಎಂದು ಇನ್ನೊಮ್ಮೆ ಹೇಳಲು ಬಾಯಿ ತೆರೆದೆ. ಭಾವ ನನ್ನ ರಟ್ಟೆ ಹಿಡಿದು ಪಕ್ಕಕ್ಕೆಳೆದು, "ಸಾಕು ಮಾಡ್ರಿ. ನೀವು ಏನ್ ಮಾಡಿದ್ರಿ ಅಂತ ಗೊತ್ತಾತಿಲ್ಲೋ?" ಎಂದರು. ದನಿ ಏರಿಸಲಿಲ್ಲ. ನನಗೆ ಗೊತ್ತಾಗಿತ್ತು.

ಅಕ್ಕ ಒಳಗಿನಿಂದ ಒಂದು ಇನ್‌ಲ್ಯಾಂಡ್ ಕಾಗದ ತಂದು ನನ್ನ ಕೈಗಿಟ್ಟರು. "ನನಗ ತೆಲುಗು ಬರಿಲಿಕ್ಕೆ ಬರೂದಿಲ್ಲ. ಮಾಸ್ಟಾರಿಗೆ ನೀವ ಬರೀರಿ. ಕಪ್ತಾನ ಸದ್ಯ ನನ್ನ ಕಡೆ ಇರ್ತಾನ, ಮೇಜು ಹಂಗ ಇರ್ಲಿ, ಆಟ ಅವರ ಬಂದು ಮುಗಸ್ತಾರ ಅಂತ."

ಜಗುಲಿಯ ಮೇಲೆ ಕೂತು, ಆ ಕಾಗದವನ್ನು ನಾನೇ ಬರೆದೆ.